ರೆಕ್ಸಿನ್ ಆಸನದ ಆಯುಸ್ಸು

ದೊಡ್ಡಬಳ್ಳಾಪುರಕ್ಕೆ ಆ ಹೆಸರು ಬಂದ ಬಗೆಯನ್ನು ಹೇಳುವ ಐತಿಹ್ಯವೊಂದು ಆ ಸೀಮೆಯಲ್ಲಿ ಪ್ರಚಲಿತವಾಗಿದೆ: ಹಸುವೊಂದು ದಿನವೂ ಹುತ್ತವೊಂದರ ಮೇಲೆ ಬಳ್ಳದಷ್ಟು ಹಾಲನ್ನು ಸುರಿಸುತ್ತಿತ್ತೆಂದೂ, ಆ ಬಳ್ಳದ ನೆನಪೇ ಊರಿನ ಹೆಸರಾಗಿ ನಿಂತಿತೆಂದೂ ಹೇಳುತ್ತಾರೆ. ಐತಿಹ್ಯದ ಮಾತು ಹಾಗಿರಲಿ. ಗೋಸಂಪತ್ತಿಗೂ ಈ ತಾಲ್ಲೂಕಿಗೂ ಇರುವ ನಂಟನ್ನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರೆಲ್ಲ ಕಣ್ಣಾರೆ ಕಂಡಿರುತ್ತಾರೆ. ಊರಿನ ಒಳಗೆ ಬಂದರೆ ಕಿವಿಗೆ ಬೀಳುವುದು ಮತ್ತೊಂದು ಸಂಪತ್ತಿನ ಧ್ವನಿ. ಮನೆಮನೆಯ ವಿದ್ಯುತ್ ಮಗ್ಗಗಳು ಬೆಳಗಿನಿಂದ ಇರುಳಿನವರೆಗೆ ಎಡೆಬಿಡದೆ ಸದ್ದು ಮಾಡುತ್ತ, ರೇಷ್ಮೆಯ ಮತ್ತು ಕೃತಕ ರೇಷ್ಮೆಯ ಸೀರೆಗಳನ್ನು ನೇಯುತ್ತಿರುತ್ತವೆ. ಒಂದು ಕಡೆ ದನ, ಇನ್ನೊಂದು ಕಡೆ ಬಟ್ಟೆ. ಈ ಅಧ್ಯಾಯದಲ್ಲಿ ನಾವು ವಿಚಾರಿಸಲಿರುವ ವಸ್ತು ಈ ಎರಡರ ನಡುವೆ ನಿಂತಿದೆ: ನೋಟಕ್ಕೆ ಅದು ದನದ ತೊಗಲು, ಹುಟ್ಟಿನಲ್ಲಿ ಅದು ಬಟ್ಟೆ. ನಮ್ಮ ಜನ ಅದನ್ನು ರೆಕ್ಸಿನ್ ಎಂದು ಕರೆಯುತ್ತಾರೆ.

ಈ ಊರಿನ ರಸ್ತೆಯ ಅಂಚಿನಲ್ಲಿ, ಕಾರು ಆಟೋಗಳ ಆಸನಗಳಿಗೆ ಹೊದಿಕೆ ಹೊಲಿದುಕೊಡುವ ಕುಷನ್ ಅಂಗಡಿಯೊಂದರ ಮುಂದೆ ಒಮ್ಮೆ ನಾನು ನಿಂತಿದ್ದಾಗ, ದ್ರಾಕ್ಷಿ ತೋಟದ ಹಿರಿಯರೊಬ್ಬರು ತಮ್ಮ ಕಾರನ್ನು ತಂದು ನಿಲ್ಲಿಸಿ, ಚಾಲಕನ ಆಸನದ ಅಂಚಿನಲ್ಲಿ ಗೇಣುದ್ದ ಬಾಯಿಬಿಟ್ಟಿದ್ದ ಸೀಳನ್ನು ತೋರಿಸಿದರು. "ತಿಂಗಳಿಗೊಂದು ಸಲ ಕೊಬ್ಬರಿ ಎಣ್ಣೆ ತಿಕ್ಕಿಸ್ತಿದ್ದೆ ಕಣಪ್ಪ, ಆದರೂ ಹಿಂಗಾಯ್ತು" ಎಂದು ಅವರು ನೊಂದು ನುಡಿದರು. ಕೆಲಸದ ಹುಡುಗ ಸೀಳಿನ ಅಂಚನ್ನು ಮಡಿಸಿ, ಒಳಗಿನ ಬಿಳಿಯ ಹೆಣಿಗೆಯನ್ನು ಬೆರಳಿನಿಂದ ತೋರಿಸುತ್ತ, "ಎಣ್ಣೆ ಕುಡಿಯೋಕೆ ಇದೇನು ತೊಗಲಾ ಸ್ವಾಮಿ? ಬಟ್ಟೆ ಅಲ್ವಾ ಇದು" ಎಂದ. ಮಗ್ಗದ ಊರಿನ ಹುಡುಗ ಸಹಜವಾಗಿ ಆಡಿದ ಆ ಮಾತಿನಲ್ಲಿ ಈ ಅಧ್ಯಾಯದ ಸಾರವೆಲ್ಲ ಅಡಗಿದೆಯೆಂದು ನನಗೆ ತೋರಿತು. ಆ ಮಾತನ್ನು ಬಿಡಿಸಿ ಹೇಳುವುದಷ್ಟೇ ಇಲ್ಲಿ ನನ್ನ ಕೆಲಸ.

ಮೊದಲು ತೊಗಲಿನ ಸ್ವರೂಪವನ್ನು ನೋಡೋಣ. ತೊಗಲೆಂಬುದು ಕೊಲಾಜೆನ್ ಎಂಬ ಪ್ರೋಟೀನಿನ ಸೂಕ್ಷ್ಮವಾದ ನಾರುಗಳು ಎಲ್ಲ ದಿಕ್ಕುಗಳಲ್ಲಿಯೂ ಒಂದರೊಳಗೊಂದು ತೊಡರಿಕೊಂಡು ನಿರ್ಮಿತವಾದ ಜಾಲ. ಅದನ್ನು ಹದಮಾಡುವವರು ಕಡೆಯಲ್ಲಿ ಆ ನಾರುಗಳ ನಡುವೆ ಎಣ್ಣೆ ಕೊಬ್ಬುಗಳನ್ನು ಸೇರಿಸುವುದರಿಂದಲೇ ಒಂದು ನಾರು ಇನ್ನೊಂದರ ಮೇಲೆ ಸುಲಭವಾಗಿ ಸರಿದು ತೊಗಲು ಮಿದುವಾಗಿ ಬಾಗುತ್ತದೆ. ಈ ಪಸೆ ಆರಿದರೆ ತೊಗಲು ಬಿರಿಯುವುದು. ಮತ್ತೆ ಎಣ್ಣೆ ಹಚ್ಚಿದರೆ ರಂಧ್ರಮಯವಾದ ಆ ಜಾಲ ಅದನ್ನು ಹೀರಿಕೊಂಡು ಚೇತರಿಸಿಕೊಳ್ಳುವುದು. ಎಕ್ಕಡಕ್ಕೂ ಎತ್ತಿನ ಕೊರಳಪಟ್ಟಿಗೂ ಎಣ್ಣೆ ಸವರುತ್ತಿದ್ದ ನಮ್ಮ ಹಿರಿಯರ ಪದ್ಧತಿ ಆದುದರಿಂದ ಅನುಭವಸಿದ್ಧವಾದುದು, ಶಾಸ್ತ್ರಸಮ್ಮತವೂ ಆದುದು. ತಪ್ಪಾದುದು ಆ ಪದ್ಧತಿಯಲ್ಲ. ತೊಗಲಲ್ಲದ ವಸ್ತುವಿಗೆ ಅದನ್ನು ಅನ್ವಯಿಸಿದುದು.

ರೆಕ್ಸಿನ್ ಎಂಬುದು ಮೂಲತಃ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸಮೀಪದ ಹೈಡ್ ಎಂಬ ಊರಿನ ಕಂಪೆನಿಯೊಂದರ ವ್ಯಾಪಾರನಾಮ. ಸೆಲ್ಯುಲೋಸ್ ನೈಟ್ರೇಟ್ ಎಂಬ ರಾಸಾಯನಿಕವನ್ನು ಕರ್ಪೂರತೈಲ, ಆಲ್ಕೋಹಾಲು, ಬಣ್ಣ ಇವುಗಳೊಡನೆ ಕಲಸಿ, ಆ ಲೇಪವನ್ನು ಬಟ್ಟೆಯ ಮೇಲೆ ಹರಡಿ, ಅದು ಗಟ್ಟಿಯಾಗುವ ಮೊದಲು ತೊಗಲಿನ ಗೆರೆಗಳನ್ನು ಅಚ್ಚೊತ್ತುತ್ತಿದ್ದರು. ಪುಸ್ತಕದ ರಟ್ಟು, ರೈಲಿನ ಡಬ್ಬಿ, ಮೋಟಾರಿನ ಆಸನ ಎಲ್ಲೆಡೆ ಅದು ಹರಡಿ, ಕಡೆಗೆ ಆ ಕಂಪೆನಿಯ ಹೆಸರೇ ನಮ್ಮ ದೇಶದಲ್ಲಿ ಇಂಥ ವಸ್ತುಗಳೆಲ್ಲಕ್ಕೂ ಸಾಮಾನ್ಯ ನಾಮವಾಯಿತು. ಹೆಸರು ಉಳಿದಿದೆ, ವಸ್ತು ಬದಲಾಗಿದೆ. ಇಂದು ನಾವು ರೆಕ್ಸಿನ್ ಎನ್ನುವುದು ಬಹುಮಟ್ಟಿಗೆ ಪಾಲಿವಿನೈಲ್ ಕ್ಲೋರೈಡ್, ಅಂದರೆ ಪಿ.ವಿ.ಸಿ., ಅಥವಾ ಪಾಲಿಯುರೆಥೇನ್, ಅಂದರೆ ಪಿ.ಯು., ಇವುಗಳಲ್ಲೊಂದನ್ನು ಲೇಪಿಸಿದ ಬಟ್ಟೆ.

ಪಿ.ವಿ.ಸಿ.ಯ ಜನ್ಮವೃತ್ತಾಂತ ಮನನೀಯವಾದುದು. 1872ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಗೆನ್ ಬೌಮನ್ ವಿನೈಲ್ ಕ್ಲೋರೈಡ್ ಎಂಬ ಅನಿಲವನ್ನು ತುಂಬಿದ ಗಾಜಿನ ಪಾತ್ರೆಯನ್ನು ಬಿಸಿಲಿಗೆ ಒಡ್ಡಿದಾಗ, ಪಾತ್ರೆಯೊಳಗೆ ಬಿಳಿಯ ಘನವಸ್ತುವೊಂದು ಕಾಣಿಸಿಕೊಂಡಿತು: ಬಿಡಿಬಿಡಿಯಾಗಿದ್ದ ಅನಿಲದ ಅಣುಗಳು ಸೂರ್ಯಪ್ರಕಾಶದ ಪ್ರೇರಣೆಯಿಂದ ಕೈಕೈ ಹಿಡಿದು ನೀಳವಾದ ಸರಪಳಿಗಳಾಗಿದ್ದವು. ಆದರೆ ಆ ಘನವಸ್ತು ಬಿರುಸಾದುದು, ಬಾಗದುದು. ಅದನ್ನು ಏತಕ್ಕೆ ಉಪಯೋಗಿಸುವುದೆಂಬುದು ಬಹುಕಾಲ ತಿಳಿಯದೆ ಉಳಿಯಿತು. 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪೆನಿಯ ವಾಲ್ಡೊ ಸೆಮನ್, ರಬ್ಬರನ್ನು ಲೋಹಕ್ಕೆ ಅಂಟಿಸುವ ಅಂಟೊಂದನ್ನು ಅರಸುತ್ತ, ಪಿ.ವಿ.ಸಿ.ಯನ್ನು ಹೆಚ್ಚು ಉಷ್ಣತೆಯಲ್ಲಿ ಮಾತ್ರ ಕುದಿಯುವ ದ್ರವವೊಂದರಲ್ಲಿ ಕಾಯಿಸಿ ಆರಿಸಿದಾಗ, ಅಂಟಿನ ಬದಲಿಗೆ ಬಾಗುವ, ಒತ್ತಿದರೆ ಮತ್ತೆ ತನ್ನ ರೂಪಕ್ಕೆ ಮರಳುವ ಪದಾರ್ಥವೊಂದು ಅವರ ಕೈಗೆ ಬಂದಿತು. ಕಾರಿನ ರೆಕ್ಸಿನ್ ಆಸನ ಆ ಪದಾರ್ಥದ ಸಂತತಿ.

ಸೆಮನ್ ಕಂಡ ಸಂಗತಿಯ ಅರ್ಥವೇನು? ತೋಟದ ನೀರಿನ ಬಿರುಸಾದ ಪೈಪೂ, ಕಾರಿನ ಮೆತ್ತನೆಯ ಆಸನವೂ ರಸಾಯನದೃಷ್ಟಿಯಿಂದ ಒಂದೇ ಪಿ.ವಿ.ಸಿ. ಸುಮಾರು 80 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಶುದ್ಧ ಪಿ.ವಿ.ಸಿ.ಯ ಸರಪಳಿಗಳು ಪರಸ್ಪರ ಆಕರ್ಷಣೆಯಿಂದ ಬಿಗಿದುಕೊಂಡು ಅಲುಗಾಡದೆ ಇರುತ್ತವೆ. ಅವುಗಳ ನಡುವೆ ಎಣ್ಣೆಯಂಥ ದ್ರವವೊಂದರ ಅಣುಗಳನ್ನು ಸೇರಿಸಿದರೆ ಸರಪಳಿಗಳು ಒಂದರಿಂದೊಂದು ದೂರ ಸರಿದು, ಕೋಣೆಯ ಉಷ್ಣತೆಯಲ್ಲಿಯೇ ಜಾರಾಡತೊಡಗುತ್ತವೆ. ಈ ದ್ರವವನ್ನು ನಾವು ಮೃದುಕಾರಕವೆಂದು ಕರೆಯೋಣ. ಆಸನದ ರೆಕ್ಸಿನ್ನಿನಲ್ಲಿ ನೂರು ಭಾಗ ಪಿ.ವಿ.ಸಿ.ಗೆ 50ರಿಂದ 80 ಭಾಗದಷ್ಟು ಮೃದುಕಾರಕ ಇರುವುದುಂಟು. ಇಲ್ಲಿ ಓದುಗರು ವಿಶೇಷವಾಗಿ ಗಮನಿಸತಕ್ಕ ಅಂಶವೊಂದಿದೆ: ಮೃದುಕಾರಕವು ಸರಪಳಿಗೆ ರಾಸಾಯನಿಕ ಬಂಧದಿಂದ ಕಟ್ಟಲ್ಪಟ್ಟಿಲ್ಲ. ಅದು ಸರಪಳಿಗಳ ನಡುವೆ ತಂಗಿರುವ ಅತಿಥಿಯಂತೆ. ಹೋಗಲು ದಾರಿ ದೊರೆತರೆ ಹೊರಟುಹೋಗುತ್ತದೆ. ಹೊರಟುಹೋದಷ್ಟು ಪ್ರಮಾಣದಲ್ಲಿ ಆಸನವು ತನ್ನ ಮೂಲಸ್ವಭಾವಕ್ಕೆ, ಎಂದರೆ ಪೈಪಿನ ಬಿರುಸಿಗೆ, ಹಿಂದಿರುಗುತ್ತದೆ. ಬಿಸಿಲಿನಲ್ಲಿ ನಿಂತು ನಿಂತು ಬಂದ ಕಾರಿನ ಮುಂದಿನ ಗಾಜಿನ ಒಳಮೈಯನ್ನು ಬೆರಳಿನಿಂದ ಸವರಿ ನೋಡಿದರೆ ಜಿಡ್ಡಿನ ಮಬ್ಬೊಂದು ಹತ್ತುವುದನ್ನು ಅನೇಕರು ಕಂಡಿರಬಹುದು. ಕಾರಿನ ಒಳಗಿನ ಪ್ಲಾಸ್ಟಿಕ್ ಭಾಗಗಳಿಂದ ಆವಿಯಾಗಿ ಹೊರಟ ಮೃದುಕಾರಕವೇ ಬಹುಪಾಲು ಅಲ್ಲಿ ತಣಿದು ಕುಳಿತಿರುತ್ತದೆ. ಆಸನದ ಯೌವನ ಗಾಜಿಗೆ ಹತ್ತಿರುವುದೆಂದು ಅದನ್ನು ತಿಳಿಯಬಹುದು.

ಈಗ ಆ ಹಿರಿಯರ ಕೊಬ್ಬರಿ ಎಣ್ಣೆಯ ವಿಷಯವನ್ನು ಬಿಡಿಸುವುದು ಸುಲಭ. ಸಜಾತೀಯವಾದುದು ಸಜಾತೀಯವಾದುದರೊಡನೆ ಬೆರೆಯುವುದು ದ್ರವಗಳ ಧರ್ಮ. ರೆಕ್ಸಿನ್ನಿನ ಮೇಲೆ ಎಣ್ಣೆ ಸವರಿದಾಗ ಆ ಎಣ್ಣೆ ಒಳಗಿಳಿದು ಬಟ್ಟೆಯನ್ನು ಪೋಷಿಸುವುದಿಲ್ಲ. ಒಳಗಿನ ಮೃದುಕಾರಕವೇ ಮೇಲಿನ ಎಣ್ಣೆಯ ಕಡೆಗೆ ನಿಧಾನವಾಗಿ ಸರಿದುಬಂದು, ಮರುದಿನ ಬಟ್ಟೆಯಿಂದ ಒರಸಿದಾಗ ಅದರೊಡನೆ ಒರಸಿಹೋಗುತ್ತದೆ. ಒಳ್ಳೆಯದನ್ನು ಮಾಡುತ್ತಿರುವೆನೆಂಬ ಶ್ರದ್ಧೆಯಿಂದ ತಿಂಗಳು ತಿಂಗಳೂ ಅವರು ಆಸನದ ಮಾರ್ದವವನ್ನು ತಾವೇ ಹೊರಗೆಳೆಯುತ್ತಿದ್ದರು. ತಲೆಗೆ ಹಚ್ಚಿದ ಎಣ್ಣೆ ತಾಗುವ ಒರಗುದಿಂಬು ಬೇಗ ಬಿರುಸಾಗುವುದಕ್ಕೂ ಇದೇ ಕಾರಣ.

ಎಣ್ಣೆಗಿಂತಲೂ ಪ್ರಬಲವಾದ ವೈರಿ ಬಿಸಿಲು. ದೊಡ್ಡಬಳ್ಳಾಪುರವು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್ ತಿಂಗಳ ಕೊನೆಯ ಭಾಗದಲ್ಲಿಯೂ ಆಗಸ್ಟಿನ ಮೂರನೆಯ ವಾರದಲ್ಲಿಯೂ ಮಧ್ಯಾಹ್ನದ ಸೂರ್ಯ ಅಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ; ಪ್ರಸ್ಥಭೂಮಿಯ ಎತ್ತರದಿಂದಾಗಿ ಅತಿನೇರಳೆ ಕಿರಣಗಳ ತೀಕ್ಷ್ಣತೆಯೂ ಕಡಲತೀರದಲ್ಲಿರುವುದಕ್ಕಿಂತ ಅಷ್ಟಿಷ್ಟು ಹೆಚ್ಚು. ಗಾಜು ಮುಚ್ಚಿದ ಕಾರು ಈ ಬಿಸಿಲಿನಲ್ಲಿ ಒಲೆಯಂತಾಗುತ್ತದೆ. 2018ರಲ್ಲಿ ಅಮೆರಿಕದ ಅರಿಝೋನ ಪ್ರಾಂತದಲ್ಲಿ, ಹೊರಗೆ 38 ಡಿಗ್ರಿಗೂ ಮಿಕ್ಕಿ ಕಾದ ದಿನಗಳಲ್ಲಿ ಕಾರುಗಳನ್ನು ನಿಲ್ಲಿಸಿ ಅಳೆದವರು ಪಡೆದ ಅಂಕಿಗಳು ಹೀಗಿವೆ: ಒಂದು ಗಂಟೆ ಬಿಸಿಲಿನಲ್ಲಿ ನಿಂತ ಕಾರಿನ ಮುಂಭಾಗದ ಡ್ಯಾಶ್‌ಬೋರ್ಡು ಸರಾಸರಿ 69 ಡಿಗ್ರಿಗೂ ಆಸನವು 51 ಡಿಗ್ರಿಗೂ ಏರಿದರೆ, ನೆರಳಿನಲ್ಲಿ ನಿಂತ ಕಾರಿನ ಆಸನ 41 ಡಿಗ್ರಿಯ ಸುಮಾರಿನಲ್ಲಿಯೇ ಉಳಿಯಿತು. ನೆರಳಿಗೂ ಬಿಸಿಲಿಗೂ ಆಸನದ ಉಷ್ಣತೆಯಲ್ಲಿ ಹತ್ತು ಡಿಗ್ರಿಯ ಅಂತರ. ಉಷ್ಣತೆ ಹತ್ತು ಡಿಗ್ರಿ ಏರಿದಾಗ ರಾಸಾಯನಿಕ ಕ್ರಿಯೆಗಳ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆಂಬುದು ರಸಾಯನಶಾಸ್ತ್ರದ ಹಳೆಯ ಅನುಭವಸೂತ್ರ. ಅದನ್ನು ಇಲ್ಲಿಗೆ ಹೊಂದಿಸಿದರೆ, ಬಿಸಿಲಿನಲ್ಲಿ ನಿಂತ ಆಸನ ನೆರಳಿನಲ್ಲಿರುವುದಕ್ಕಿಂತ ಸುಮಾರು ಎರಡು ಪಟ್ಟು ವೇಗದಿಂದ ಮುಪ್ಪಾಗುತ್ತದೆಂದು ಹೇಳಬಹುದು. ಇದು ಶಾಖದ ಲೆಕ್ಕ ಮಾತ್ರ. ಬೆಳಕಿನ ಲೆಕ್ಕ ಬೇರೆಯೇ ಇದೆ.

ಕಾರಿನ ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವನ್ನಿಟ್ಟು ಬೆಸೆದುದಾದ್ದರಿಂದ ಅತಿನೇರಳೆ ಕಿರಣಗಳ ಬಹುಭಾಗವನ್ನು ತಡೆಯುತ್ತದೆ. ಪಕ್ಕದ ಗಾಜುಗಳು ಸಾಮಾನ್ಯವಾಗಿ ಒಂಟಿ ಹಾಳೆಯವಾದುದರಿಂದ ಅವುಗಳ ಮೂಲಕ ಆ ಕಿರಣಗಳ ಒಂದಂಶ ಒಳಗೆ ಬರುತ್ತದೆ. ಈ ಕಿರಣ ಮತ್ತು ಶಾಖ ಇವೆರಡರ ಹೊಡೆತಕ್ಕೆ ಸಿಕ್ಕಿದ ಪಿ.ವಿ.ಸಿ. ಸರಪಳಿ ತನ್ನ ಕ್ಲೋರಿನ್ನನ್ನು ಹೈಡ್ರೋಜನ್ನಿನೊಡನೆ ಜೋಡಿಸಿ ಹೈಡ್ರೋಕ್ಲೋರಿಕ್ ಆಮ್ಲದ ರೂಪದಲ್ಲಿ ಬಿಟ್ಟುಕೊಡುತ್ತದೆ. ಹೀಗೆ ಬಿಡುಗಡೆಯಾದ ಆಮ್ಲವು ಪಕ್ಕದ ಕೊಂಡಿಗಳನ್ನೂ ಅದೇ ದಾರಿಗೆ ಪ್ರೇರೇಪಿಸುತ್ತದೆ. ತಿಳಿಬಣ್ಣದ ಆಸನ ಹಳದಿಗೆ ತಿರುಗುವುದೂ, ಸರಪಳಿಗಳು ಅಡ್ಡಡ್ಡ ಬೆಸೆದುಕೊಂಡು ಮೇಲ್ಮೈ ಬಿರುಸಾಗುವುದೂ ಇದರ ಪರಿಣಾಮ. ಇದನ್ನು ತಡೆಯಲು ತಯಾರಕರು ಕ್ಯಾಲ್ಸಿಯಂ, ಸತು ಮೊದಲಾದ ಲೋಹಗಳ ಸಂಯುಕ್ತಗಳನ್ನು ಮೊದಲೇ ಬೆರೆಸಿರುತ್ತಾರೆ. ಆದರೆ ಅವು ಆಮ್ಲವನ್ನು ನುಂಗುತ್ತ ನುಂಗುತ್ತ ತಾವೂ ಮುಗಿದುಹೋಗುವಂಥವು. ಸೂರ್ಯಪ್ರಕಾಶದಲ್ಲಿ ಹುಟ್ಟಿದ ವಸ್ತುವೇ ಸೂರ್ಯಪ್ರಕಾಶದಲ್ಲಿ ಅಳಿಯುತ್ತದೆ.

ಪಿ.ಯು. ರೆಕ್ಸಿನ್ನಿನ ರೋಗ ಬೇರೆ. 1937ರಲ್ಲಿ ಜರ್ಮನಿಯಲ್ಲಿ ಒಟ್ಟೊ ಬಾಯರ್ ಮತ್ತು ಅವರ ಸಂಗಡಿಗರು ರೂಪಿಸಿದ ಪಾಲಿಯುರೆಥೇನಿಗೆ ಬಾಹ್ಯ ಮೃದುಕಾರಕ ಬೇಕಿಲ್ಲ. ಅದರ ಸರಪಳಿಯಲ್ಲಿಯೇ ಮೆದುವಾದ ಖಂಡಗಳೂ ಗಟ್ಟಿಯಾದ ಖಂಡಗಳೂ ಒಂದಾದ ಮೇಲೊಂದರಂತೆ ಕೂಡಿಕೊಂಡಿರುತ್ತವೆ. ಆದುದರಿಂದ ಅದು ಮುಟ್ಟಲು ಹೆಚ್ಚು ತೊಗಲಿನಂತಿದ್ದು, ಮೆತ್ತಗೆ ಬಾಗುತ್ತದೆ. ಆದರೆ ಪಾಲಿಯೆಸ್ಟರ್ ವರ್ಗದ ಮೆದುಖಂಡಗಳುಳ್ಳ ಪಿ.ಯು.ವನ್ನು ನೀರಿನ ತೇವ ನಿಧಾನವಾಗಿ ಕಡಿಯುತ್ತದೆ. ಶಾಖ, ತೇವ, ಬೆವರು ಮೂರೂ ಸೇರಿದರೆ ಈ ಕ್ರಿಯೆ ಚುರುಕಾಗುತ್ತದೆ. ಪಿ.ವಿ.ಸಿ. ಬಿರಿದರೆ ಪಿ.ಯು. ಒಣಗಿದ ಹೊಪ್ಪಳೆಯಂತೆ ಪದರಪದರವಾಗಿ ಏಳುವುದು ಈ ಕಾರಣದಿಂದ. ಮಂಗಳೂರು ಕಾರವಾರಗಳ ಆರ್ದ್ರವಾದ ಹವೆಗಿಂತ ಬಯಲುಸೀಮೆಯ ಒಣಹವೆ ಪಿ.ಯು.ಗೆ ಹಿತವಾದುದಾದರೂ, ಕುಳಿತವರ ಬೆವರು ಎಲ್ಲ ಸೀಮೆಗಳಿಗೂ ಸಮಾನ. ಎರಡರಲ್ಲಿ ಯಾವುದೆಂಬುದನ್ನು ನಿರ್ಧರಿಸುವ ಪರೀಕ್ಷೆಯೊಂದು ಪ್ರಯೋಗಶಾಲೆಗಳಲ್ಲಿದೆ: ಕಾದ ತಾಮ್ರದ ತಂತಿಗೆ ರೆಕ್ಸಿನ್ನಿನ ಚೂರೊಂದನ್ನು ತಾಗಿಸಿ ಜ್ವಾಲೆಗೆ ಹಿಡಿದಾಗ ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆಯೆಂದು, ಅಂದರೆ ಪಿ.ವಿ.ಸಿ. ಎಂದು, ತಿಳಿಯಬಹುದು. ಮನೆಯಲ್ಲಿ ಇದನ್ನು ಮಾಡಬೇಕಾಗಿಲ್ಲ. ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿ ತಿಳಿಯುವುದು ಮೇಲು.

ಎರಡು ಬಗೆಯ ರೆಕ್ಸಿನ್ನಿಗೂ ಮೇಲೆ ಅತ್ಯಂತ ತೆಳುವಾದ ಅರಗಿನಂಥ ರಕ್ಷಾಲೇಪವೊಂದಿರುತ್ತದೆ. ಅದರ ದಪ್ಪ ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸಿನದಾದರೂ, ಉಜ್ಜಾಟವನ್ನೂ ಕಲೆಯನ್ನೂ ತಡೆಯುವ ಹೊಣೆ ಅದರದೇ. ನಮ್ಮ ಸೀಮೆಯ ಕೆಮ್ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಕಣಗಳಿರುತ್ತವೆ. ಕಾಠಿಣ್ಯದ ಮೋಸ್ ಮಾಪಕದಲ್ಲಿ ಬೆಣಚಿನ ಸ್ಥಾನ 7, ಕಬ್ಬಿಣಕ್ಕಿಂತಲೂ ಮೇಲು. ಅಚ್ಚೊತ್ತಿದ ಗೆರೆಗಳ ತಗ್ಗುಗಳಲ್ಲಿಯೂ ಹೊಲಿಗೆಯ ಸಂದುಗಳಲ್ಲಿಯೂ ಕುಳಿತ ಈ ಕಣಗಳು, ನಾವು ಆಸನದ ಮೇಲೆ ಸರಿದಾಡಿದಾಗಲೆಲ್ಲ ಮರಳುಕಾಗದದಂತೆ ಆ ಲೇಪವನ್ನು ತರಿಯುತ್ತವೆ. ಧೂಳನ್ನು ಕೊಡವದೆ ಒಣಬಟ್ಟೆಯಿಂದ ಬಲವಾಗಿ ಒರಸುವವರು ಶುಚಿಗೊಳಿಸುವ ಹೆಸರಿನಲ್ಲಿ ಆ ಕೆಲಸಕ್ಕೆ ನೆರವಾಗುತ್ತಾರೆ.

ಸವೆತದ ಮಾತು ಇಷ್ಟಾಯಿತು, ಇನ್ನು ಸೀಳು. ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದುಕೊಡುವವರು ಅಂಚಿಗೆ ಕತ್ತರಿಯಿಂದ ಚಿಕ್ಕದೊಂದು ಕಚ್ಚು ಹಾಕಿ, ಆಮೇಲೆ ಎರಡೂ ಕೈಗಳಿಂದ ಸರಕ್ಕನೆ ಹರಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಕಚ್ಚಿಲ್ಲದೆ ಹರಿಯಲು ಹೋದರೆ ಬಟ್ಟೆ ಮಣಿಯದು; ಕಚ್ಚು ಬಿದ್ದಮೇಲೆ ತಡೆಯದು. ಇದರ ಗಣಿತವನ್ನು 1913ರಲ್ಲಿ ಕೇಂಬ್ರಿಜ್ಜಿನ ಎಂಜಿನಿಯರ್ ಚಾರ್ಲ್ಸ್ ಇಂಗ್ಲಿಸ್ ಲೋಹದ ಫಲಕಗಳನ್ನು ಕುರಿತು ನಿರೂಪಿಸಿದರು. ಎಳೆತಕ್ಕೆ ಒಳಗಾದ ಫಲಕದಲ್ಲಿ ದುಂಡಾದ ರಂಧ್ರವಿದ್ದರೆ ಅದರ ಅಂಚಿನಲ್ಲಿ ಎಳೆತವು ಮೂರು ಪಟ್ಟಾಗುತ್ತದೆ. ರಂಧ್ರವು ಅಗಲಕ್ಕಿಂತ ಹತ್ತು ಪಟ್ಟು ನೀಳವಾಗಿ ಎಳೆತಕ್ಕೆ ಅಡ್ಡಲಾಗಿದ್ದರೆ ಅದರ ತುದಿಯಲ್ಲಿ ಎಳೆತವು 21 ಪಟ್ಟಾಗುತ್ತದೆ. ರೆಕ್ಸಿನ್ ಲೋಹದಂತೆ ಬಿರುಸಲ್ಲವಾದ್ದರಿಂದ ಅಂಕಿಗಳು ಅಲ್ಲಿ ಹಾಗೆಯೇ ಸಲ್ಲದಿದ್ದರೂ ತತ್ತ್ವ ಸಲ್ಲುತ್ತದೆ: ಬಿರುಕು ಚೂಪಾದಷ್ಟೂ ತನ್ನ ದಾರಿಯನ್ನು ತಾನೇ ತೆರೆದುಕೊಳ್ಳುತ್ತದೆ. ಮೃದುಕಾರಕವನ್ನು ಕಳೆದುಕೊಂಡು ಬಿರುಸಾದ ಲೇಪ ಮೊದಲು ಬಿರಿಯುತ್ತದೆ. ಅನಂತರ ಆ ಬಿರುಕಿನ ಕೆಳಗಿರುವ ಹೆಣಿಗೆಬಟ್ಟೆಯ ಮೇಲೆ ಎಳೆತವೆಲ್ಲ ಬೀಳುತ್ತದೆ. ಅದು ತಡೆದಷ್ಟು ಕಾಲ ಆಸನ ತಡೆಯುತ್ತದೆ. ಆಸನವನ್ನು ಕಟ್ಟಕಡೆಗೆ ಹಿಡಿದಿಡುವುದು ಮೇಲಿನ ಹೊಳಪಲ್ಲ, ಕೆಳಗಿನ ನೂಲು.

ಇದೇ ಕಾರಣದಿಂದ ಹೊಲಿಗೆಯಲ್ಲಿಯೂ ವಿವೇಕ ಬೇಕು. ಹೊಲಿಗೆ ಒತ್ತಾದಷ್ಟೂ ಗಟ್ಟಿಯೆಂಬ ನಂಬಿಕೆ ಸೀರೆ ರವಿಕೆಗಳಿಗೆ ಒಪ್ಪಿದರೂ ರೆಕ್ಸಿನ್ನಿಗೆ ಒಪ್ಪದು. ಸೂಜಿಯ ರಂಧ್ರಗಳು ಒತ್ತೊತ್ತಾಗಿ ಬಿದ್ದರೆ ಅಂಚೆಚೀಟಿಯ ಹಾಳೆಯಂತೆ ಆ ಸಾಲಿನಲ್ಲಿಯೇ ಅದು ಹರಿಯುತ್ತದೆ. ಒಂದಂಗುಲಕ್ಕೆ ಆರರಿಂದ ಎಂಟು ಹೊಲಿಗೆ ಸಾಕು. ನೂಲು ತೇವಕ್ಕೆ ಕೊಳೆಯುವ ಹತ್ತಿಯದಾಗಿರದೆ ಪಾಲಿಯೆಸ್ಟರ್ ಅಥವಾ ನೈಲಾನಿನದಾಗಿರಬೇಕು. ಒಳಗಿನ ಸ್ಪಂಜು ಕುಸಿದಿದ್ದರೆ ಹೊಸ ಹೊದಿಕೆ ಹಾಕಿಸಿದರೂ ಪ್ರಯೋಜನವಿಲ್ಲ. ಆಧಾರವಿಲ್ಲದ ಹೊದಿಕೆ ಪ್ರತಿಸಲ ಕುಳಿತಾಗಲೂ ಜಗ್ಗಿ, ಅದೇ ಸ್ಥಳದಲ್ಲಿ ಮತ್ತೆ ಸೀಳುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಬೇಕು: ಇಂದಿನ ಅನೇಕ ಕಾರುಗಳಲ್ಲಿ ಆಸನದ ಪಕ್ಕದೊಳಗೆ ಏರ್‌ಬ್ಯಾಗ್ ಅಡಗಿರುತ್ತದೆ; ಅಪಘಾತದ ಕ್ಷಣದಲ್ಲಿ ಅದು ಹೊರಬರಲೆಂದು ಅಲ್ಲಿಯ ಹೊಲಿಗೆಯನ್ನು ಸುಲಭವಾಗಿ ಬಿಚ್ಚಿಕೊಳ್ಳುವಂತೆ ಉದ್ದೇಶಪೂರ್ವಕವಾಗಿ ಹಾಕಿರುತ್ತಾರೆ. ಸೀಳಲೇಬೇಕಾದ ಹೊಲಿಗೆ ಅದೊಂದೇ. ಅದನ್ನು ಬಲವಾದ ನೂಲಿನಿಂದ ಮತ್ತೆ ಹೊಲಿಸಬಾರದು. ಅದರ ಮೇಲೆ ಬಿಗಿಯಾದ ಹೊದಿಕೆಯನ್ನಾಗಲಿ ಟವೆಲನ್ನಾಗಲಿ ಕಟ್ಟಬಾರದು.

ಕಾರಣಗಳು ತಿಳಿದಮೇಲೆ ಉಪಾಯಗಳು ತಾವಾಗಿ ಹೊಳೆಯುತ್ತವೆ. ಮೊದಲನೆಯದು ನೆರಳು. ಹೊಂಗೆ, ಹುಣಸೆ, ಬೇವು ಯಾವುದಾದರೂ ಸರಿ, ಮರದ ನೆರಳಿಗೆ ಕಾರನ್ನು ನಿಲ್ಲಿಸಿದವನು ಆಸನಕ್ಕೆ ಮಾಡುವ ಉಪಕಾರ ಯಾವ ಬೆಲೆಬಾಳುವ ಲೇಪದಿಂದಲೂ ಆಗದು. ಗಾಜಿಗೆ ಕಪ್ಪುಹಾಳೆ ಅಂಟಿಸುವುದಕ್ಕೆ ನಿಯಮದ ಮಿತಿಯುಂಟು; ಮುಂದಿನ ಹಿಂದಿನ ಗಾಜುಗಳು ಕನಿಷ್ಠ ಶೇಕಡಾ 70ರಷ್ಟು, ಪಕ್ಕದವು ಶೇಕಡಾ 50ರಷ್ಟು ಬೆಳಕನ್ನು ಒಳಬಿಡಲೇಬೇಕು. ಆದುದರಿಂದ ಮರವಿಲ್ಲದೆಡೆ ಕಾರು ನಿಂತಿರುವಷ್ಟು ಹೊತ್ತು ಗಾಜಿನೊಳಗೆ ತೆಗೆದಿಡಬಹುದಾದ ಮರೆಯೊಂದನ್ನು ಇಟ್ಟು, ಕುಳಿತುಕೊಳ್ಳುವ ಜಾಗದ ಮೇಲೆ ಹತ್ತಿಯ ಟವೆಲೊಂದನ್ನು ಹಾಸುವುದು ಲೇಸು. ಹಳೆಯ ಅಂಬಾಸಿಡರ್ ಕಾರುಗಳಲ್ಲಿ ಬಿಳಿಯ ಟವೆಲು ಹಾಸುತ್ತಿದ್ದುದನ್ನು ಮರ್ಯಾದೆಯ ಕುರುಹೆಂದು ಮಾತ್ರ ನಾವು ಎಣಿಸಿದ್ದೆವು. ಬೆವರನ್ನೂ ಎಣ್ಣೆಯನ್ನೂ ಬೆಳಕನ್ನೂ ಉಜ್ಜಾಟವನ್ನೂ ಅದು ಏಕಕಾಲದಲ್ಲಿ ತಡೆಯುತ್ತಿತ್ತು.

ಎರಡನೆಯದು ಶುಚಿ. ವಾರಕ್ಕೊಮ್ಮೆ ಮೆದುವಾದ ಕುಂಚದಿಂದ ಸಂದುಗಳ ಧೂಳನ್ನು ತೆಗೆದು, ಅನಂತರ ಸೌಮ್ಯವಾದ ಸೋಪಿನ ಕೆಲವು ಹನಿ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆಯನ್ನು ಅದ್ದಿ ಹಿಂಡಿ ಒರಸಿ, ಬರಿಯ ನೀರಿನ ಬಟ್ಟೆಯಿಂದ ಸೋಪನ್ನು ತೆಗೆದು, ಒಣಬಟ್ಟೆಯಿಂದ ತೇವವನ್ನು ಒತ್ತಿ ತೆಗೆದರೆ ಆಯಿತು. ಸೀಮೆಎಣ್ಣೆ, ಪೆಟ್ರೋಲು, ತಿನ್ನರು, ಸ್ಪಿರಿಟ್ಟು, ಬ್ಲೀಚಿಂಗ್ ಪುಡಿ ಇವುಗಳನ್ನು ರೆಕ್ಸಿನ್ನಿಗೆ ಸೋಕಿಸಲೇ ಕೂಡದು. ಕಲೆ ಹೋಗುವ ಮೊದಲು ರಕ್ಷಾಲೇಪ ಹೋಗುತ್ತದೆ. ಮೂರನೆಯದು ಕುಳಿತುಕೊಳ್ಳುವ ಕ್ರಮ. ಆಸನದ ಉಬ್ಬಿದ ಅಂಚಿನ ಮೇಲೆ ಜಾರಿಕೊಂಡು ಒಳಸೇರುವುದರ ಬದಲು, ಮೊದಲು ಕುಳಿತು, ಆಮೇಲೆ ಕಾಲುಗಳನ್ನು ಒಳಗೆಳೆದುಕೊಂಡರೆ ಬೇರೆಲ್ಲ ಕಡೆಗಿಂತ ಮೊದಲು ಸೀಳುವ ಆ ಅಂಚು ಬಹುಕಾಲ ಬಾಳುತ್ತದೆ. ಹಿಂದಿನ ಜೇಬಿನ ಬೀಗದ ಕೈಗಳನ್ನು ತೆಗೆದಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟಾಗಿಯೂ ಕೂದಲೆಳೆಯಷ್ಟು ಬಿರುಕು ಕಂಡರೆ ಆ ವಾರವೇ ಕುಷನ್ ಅಂಗಡಿಗೆ ಹೋಗುವುದು ಬುದ್ಧಿವಂತಿಕೆ. ನುರಿತವರು ಬಿರುಕಿನ ಚೂಪಾದ ತುದಿಯಲ್ಲಿ ದುಂಡಾದ ಪುಟ್ಟ ರಂಧ್ರ ಮಾಡಿ ಎಳೆತದ ಮೊನಚನ್ನು ಮುರಿದು, ಕೆಳಗಡೆ ಬಟ್ಟೆಯ ತೇಪೆಯೊಂದನ್ನು ಬಾಗುವ ಗುಣವುಳ್ಳ ಅಂಟಿನಿಂದ ಕೂರಿಸುತ್ತಾರೆ. ಕ್ಷಣದಲ್ಲಿ ಕಲ್ಲಾಗುವ ಅಂಟನ್ನು ಮನೆಯಲ್ಲಿ ಸುರಿದರೆ, ಆ ಕಲ್ಲಿನ ಅಂಚಿನಲ್ಲಿಯೇ ಹೊಸ ಬಿರುಕು ಹುಟ್ಟುತ್ತದೆ.

ಅಂದು ಆ ಅಂಗಡಿಯಲ್ಲಿ ಹಿರಿಯರ ಆಸನದ ಸೀಳು ತೇಪೆಯ ಹಂತವನ್ನು ದಾಟಿತ್ತು: ಸೀಳಿದ ಫಲಕವನ್ನು ತೆಗೆದು, ಕುಸಿದ ಸ್ಪಂಜಿಗೆ ಆಧಾರ ಕೊಟ್ಟು, ಹೊಸ ತುಂಡನ್ನು ಹದವಾದ ಹೊಲಿಗೆಯಿಂದ ಜೋಡಿಸಿದರು. ಕಾರು ಹೊರಡುವಾಗ ಆಸನದ ಮೇಲೆ ಒಂದು ಹತ್ತಿಯ ಟವೆಲಿತ್ತು. ಓದುಗರಲ್ಲಿ ನನ್ನ ವಿಜ್ಞಾಪನೆಯೂ ಅಷ್ಟೇ: ನಿಮ್ಮ ಕಾರಿನ ಆಸನ ತೊಗಲಿನಂತೆ ಕಂಡರೂ ಅದನ್ನು ತೊಗಲೆಂದು ಭಾವಿಸಿ ಎಣ್ಣೆ ಎರೆಯಬೇಡಿ, ಅದು ಬಟ್ಟೆಯೆಂದು ತಿಳಿದು, ಒಳ್ಳೆಯ ಸೀರೆಯೊಂದನ್ನು ಹೇಗೋ ಹಾಗೆ, ಬಿಸಿಲಿಗೆ ಬಿಡದೆ, ಕೊಳೆ ಕೂರಗೊಡದೆ, ಜಗ್ಗದೆ ಕಾಪಾಡಿಕೊಳ್ಳಿ.